ಗಂಜಿನ ನೀರು, ಮಂಜಿನಡಿಯ ನೀರು

ವಿಜಯಪುರದ ಗಾಂಧಿ ಚೌಕದಲ್ಲಿ ನಿಂತು ಹಿಮನದಿಯ ಮಾತೆತ್ತಿದರೆ ‘ಬಿಸಿಲು ನೆತ್ತಿಗೇರಿದೆ’ ಎಂದಾರು. ಆದರೆ ಕಣ್ಣಿಗೆ ಬೀಳದ ದಾರಿಯಲ್ಲಿ ಹರಿಯುವ ನೀರಿನ ಸೊಕ್ಕು ಎಂಥದ್ದೆಂದು ಈ ಊರಿಗೆ ಆದಿಲ್‌ಶಾಹಿ ಕಾಲದಿಂದಲೂ ಗೊತ್ತು.

ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ತೊರವಿ. ಅಲ್ಲಿಂದ ಸುರಂಗ ತೋಡಿ ಊರಿಗೆ ನೀರು ತಂದಿದ್ದರು. ದಕ್ಷಿಣದಲ್ಲಿ 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬಿನ ನೀರು ಮಣ್ಣಿನ ಕೊಳವೆಗಳಲ್ಲಿ ಬರುತ್ತಿತ್ತು. ಸುತ್ತ ಗಾರೆಯ ಕವಚ. ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳು. ಕೊಳವೆಯ ನೀರು ಗಂಜಿನೊಳಗೆ ಮೇಲೇರಿ, ಒತ್ತಡ ಕಳೆದುಕೊಂಡು, ಹೂಳನ್ನು ತಳಕ್ಕೆ ಬಿಟ್ಟು ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಬಂದವರೆಲ್ಲ ಗೋಳಗುಮ್ಮಟದಲ್ಲಿ ಕೂಗು ಹಾಕಿ ಹೊರಟುಬಿಡುತ್ತಾರೆ. ನನ್ನ ಕೇಳಿದರೆ ಜಾಣತನದಲ್ಲಿ ಗಂಜ್ ಏನೂ ಕಡಿಮೆಯಲ್ಲ.

ಹಿಮನದಿಯ ಅಡಿಯಲ್ಲಿ ಗಂಜ್ ಕಟ್ಟುವವರಿಲ್ಲ. ಬೇಸಿಗೆಯಲ್ಲಿ ಕರಗಿದ ನೀರು ಬಿರುಕುಗಳಲ್ಲಿ ಧುಮುಕಿ ತಳ ಸೇರಿ, ಮಂಜಿನಡಿ ಕಾಲುವೆ ಕೊರೆದು ಹರಿಯುತ್ತದೆ. 100 ಮೀಟರ್ ದಪ್ಪದ ಮಂಜುಗಡ್ಡೆಯ ಭಾರವೆಂದರೆ ಸುಮಾರು 90 ಮೀಟರ್ ಎತ್ತರ ನಿಂತ ನೀರಿನ ಭಾರ. ಆ ಭಾರಕ್ಕೆ ಮಂಜು ಮೆಲ್ಲಗೆ ಸರಿದು ಕಾಲುವೆಯನ್ನು ಹಿಸುಕುತ್ತದೆ. ಹರಿಯುವ ನೀರಿನ ತಿಕ್ಕಾಟದ ಬಿಸಿ ಅದೇ ಕಾಲುವೆಯ ಗೋಡೆಯನ್ನು ಕರಗಿಸಿ ಅಗಲಿಸುತ್ತದೆ. ಈ ಜಗ್ಗಾಟವನ್ನು 1972ರಲ್ಲಿ ಲೆಕ್ಕಕ್ಕೆ ತಂದವರು ಸ್ವಿಟ್ಜರ್ಲೆಂಡಿನ ಹಾನ್ಸ್ ರೋತ್ಲಿಸ್‌ಬರ್ಗರ್. ಸೋಜಿಗವೆಂದರೆ, ನೀರು ಒಂದೇ ಸಮನೆ ಹರಿಯುತ್ತಿದ್ದರೆ ದೊಡ್ಡ ಕಾಲುವೆಯಲ್ಲೇ ಒತ್ತಡ ಕಡಿಮೆ. ಹಾಗಾಗಿ ಸುತ್ತಲಿನ ಸಣ್ಣ ಹರಿವುಗಳು ಅತ್ತಲೇ ಸರಿಯುತ್ತವೆ, ದೊಡ್ಡದು ಇನ್ನೂ ದೊಡ್ಡದಾಗುತ್ತದೆ. ಮಂಜಿನ ಭಾರ ಹಿಂದಿನಿಂದ ನೂಕಿದರೆ ನೀರು ತಳದ ದಿಬ್ಬವನ್ನೂ ಹತ್ತೀತು!

ಬೇಸಿಗೆಯ ಆರಂಭದಲ್ಲಿ ಕಾಲುವೆಗಳು ಇನ್ನೂ ಹಿಗ್ಗಿರುವುದಿಲ್ಲ. ಆಗ ದಾರಿ ಸಿಗದ ನೀರು ಮಂಜನ್ನೇ ತುಸು ಎತ್ತಿಹಿಡಿಯುತ್ತದೆ, ಹಿಮನದಿ ಬೇಗ ಜಾರುತ್ತದೆ. ಕಾಲುವೆ ಹಿಗ್ಗಿದ ಮೇಲೆ ಓಟ ತಗ್ಗುತ್ತದೆ. ಕರಗುವ ನೀರು ಹೆಚ್ಚಿದರೆ ಹಿಮನದಿಯ ವೇಗವೂ ಹೆಚ್ಚಲೇಬೇಕು ಎಂಬ ಸರಳ ಲೆಕ್ಕ ತಪ್ಪುವುದು ಇಲ್ಲೇ. ಚಳಿಗಾಲ ಬಂತೆಂದರೆ ಮಂಜು ಆ ದಾರಿಗಳನ್ನು ಮತ್ತೆ ಹಿಸುಕಿ ಕಿರಿದಾಗಿಸುತ್ತದೆ.

ಈ ಗುಪ್ತ ಹರಿವಿನ ಕೊನೆಯ ಬಾಗಿಲನ್ನು ನಮ್ಮ ಕಡೆಯ ಯಾತ್ರಿಕರೂ ನೋಡಿದ್ದಾರೆ: ಗೋಮುಖ. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯ ಮಂಜಿನ ಗುಹೆಯಿಂದ ಭಾಗೀರಥಿ ಹೊರಬೀಳುವಾಗ ನೀರು ಬೂದು ಬಣ್ಣ. ಮಂಜು ಬಂಡೆಯನ್ನು ಅರೆದ ನುಣ್ಣನೆಯ ಪುಡಿ ಅದರಲ್ಲಿದೆ. ತಂಬಿಗೆಯಲ್ಲಿ ತುಂಬಿಟ್ಟರೆ ತಳದಲ್ಲಿ ಕೂರುತ್ತದೆ. ನದಿಯಲ್ಲಿ ಹೋದದ್ದು ಹೂಳಾಗಿ ಟೆಹ್ರಿ ಅಣೆಕಟ್ಟಿನ ಹಿಂದೆ ಸೇರುತ್ತದೆ.