ಕೂದಲೆಳೆಯಲ್ಲಿ ನಿಂತ ರೆಕ್ಕೆಗಳು

ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಕಂಬಗಳು, ಓರೆಯಾಗಿ ಬಿಗಿದ ತಂತಿಗಳು. 1931ರ ಅಕ್ಟೋಬರ್ 26ರಂದು ಇಂಗ್ಲೆಂಡಿನಲ್ಲಿ ಮೊದಲು ಹಾರಿದ ‘ಟೈಗರ್ ಮಾತ್’ ತರಬೇತಿ ವಿಮಾನದ ರೂಪವಿದು. ಭಾರತೀಯ ವಾಯುಪಡೆಯ ಅನೇಕ ಪೈಲಟ್‌ಗಳು ಹಾರಾಟದ ಓನಾಮ ಕಲಿತದ್ದೂ ಇದರಲ್ಲೇ. ಇದರ ಪುಟ್ಟ ಪ್ಲಾಸ್ಟಿಕ್ ಮಾದರಿ ಕಟ್ಟುವುದು ತಾಳ್ಮೆಯ ಹವ್ಯಾಸ.

ಅಳತೆ 72ರಲ್ಲಿ ಒಂದು ಪಾಲು. 8.94 ಮೀಟರ್ ಅಗಲದ ರೆಕ್ಕೆ 12.4 ಸೆಂಟಿಮೀಟರಿಗೆ ಇಳಿಯುತ್ತದೆ. ಅದೇ ಲೆಕ್ಕದಲ್ಲಿ 6 ಮಿಲಿಮೀಟರ್ ದಪ್ಪದ ತಂತಿ ತಲೆಗೂದಲಿನಷ್ಟಾಗುತ್ತದೆ! ಹೊಲಿಗೆಯ ದಾರ ಕಟ್ಟಿದರೆ ಹಗ್ಗ ಬಿಗಿದಂತೆ ಕಂಡೀತು. ಹಾಗಾಗಿ ಹವ್ಯಾಸಿಗಳು ಬಿಡಿಭಾಗಗಳ ಜೊತೆ ಬರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು, ಮೆದುವಾದೊಡನೆ ಎಳೆಯುತ್ತಾರೆ. ಬೆಲ್ಲದ ಪಾಕದಂತೆ ಅದು ನೂಲಾಗುತ್ತದೆ.

ಈ ತಂತಿಗಳು ಅಲಂಕಾರಕ್ಕಲ್ಲ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗದಂತೆ ಕೆಲವು, ನೆಲದಲ್ಲಿ ನಿಂತಾಗ ಜೋತುಬೀಳದಂತೆ ಇನ್ನು ಕೆಲವು ಹಿಡಿದಿಡುತ್ತವೆ. ಮರ, ಬಟ್ಟೆಯ ಹಗುರ ರೆಕ್ಕೆಗಳಿಗೆ ಸೇತುವೆಯ ಬಲ ಬರುವುದು ಹೀಗೆ.

ಕಂಬಗಳ ಓರೆಯಲ್ಲೂ ಅರ್ಥವಿದೆ. ಮುಂದಿನ ಆಸನದವನು ಅಪಾಯದಲ್ಲಿ ಪ್ಯಾರಾಚೂಟ್ ಸಮೇತ ಹೊರಬರಲೆಂದು ವಿನ್ಯಾಸಕಾರರು ಮೇಲಿನ ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಅದರಿಂದ ತಪ್ಪುವ ಸಮತೋಲವನ್ನು ಸರಿಪಡಿಸಲು ರೆಕ್ಕೆಗಳ ತುದಿಯನ್ನು ತುಸು ಹಿಂದಕ್ಕೆ ವಾಲಿಸಿದರು. ಮಾದರಿಯಲ್ಲಿ ಕಂಬಗಳನ್ನು ನೆಟ್ಟಗೆ ನಿಲ್ಲಿಸಿದರೆ ಜೀವ ಉಳಿಸುವ ಆ ಯೋಚನೆಯೇ ಅಳಿಸಿಹೋಗುತ್ತದೆ.

ಕೆಲಸದ ಕ್ರಮವೂ ಮುಖ್ಯ. ಮೇಲಿನ ರೆಕ್ಕೆ ಅಂಟಿಸುವ ಮೊದಲೇ ಬಣ್ಣ ಮುಗಿಯಬೇಕು. ಆಮೇಲೆ ಒಳಗೆ ಕುಂಚ ತೂರದು. ಅಂಟು ಪೂರಾ ಒಣಗಿದ ಮೇಲೆ, ಎಲ್ಲಕ್ಕೂ ಕೊನೆಗೆ, ಒಂದೊಂದೇ ತಂತಿ. ಅವಸರಪಟ್ಟರೆ ಮೊದಲು ಮುರಿಯುವುದು ಕಂಬ.