ಬೆಕ್ಕಿನ ಬಿಡಾರ ಬೇರೆ

“ಬೆಕ್ಕಿನ ಬಿಡಾರ ಬೇರೆ” ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹತ್ತು ಮಂದಿಯ ನಡುವೆ ಇದ್ದೂ ತಮ್ಮದೇ ಒಂದು ಏರ್ಪಾಡು ಮಾಡಿಕೊಂಡು ದೂರ ನಿಲ್ಲುವವರನ್ನು ಕಂಡಾಗ ಈ ಮಾತನ್ನು ಹಾಸ್ಯಕ್ಕೆ ಆಡುವುದುಂಟು. ಆದರೆ ಮನೆಯಲ್ಲಿ ಮೂರೋ ನಾಲ್ಕೋ ಬೆಕ್ಕುಗಳನ್ನು ಸಾಕಿಕೊಂಡವರಿಗೆ ಇದು ಹಾಸ್ಯದ ಮಾತಲ್ಲ. ಅಕ್ಷರಶಃ ಪಾಲಿಸಬೇಕಾದ ಸೂತ್ರ. ಒಂದೇ ಸೂರಿನ ಕೆಳಗೆ ಹಲವು ಬೆಕ್ಕುಗಳು ಸೇರಿದಾಗ ಅವುಗಳ ಆರೋಗ್ಯವೂ ನಡತೆಯೂ ಏಕೆ ಕೆಡುತ್ತವೆ, ಕೆಟ್ಟುದನ್ನು ಸರಿಪಡಿಸುವ ಬಗೆ ಯಾವುದು ಎಂಬುದನ್ನು ಈಗ ಕೊಂಚ ವಿಚಾರ ಮಾಡೋಣ.

ಬೆಕ್ಕು ಮನುಷ್ಯನ ಬಳಿಗೆ ಬಂದದ್ದು ಅವನ ಮೇಲಣ ಮಮತೆಯಿಂದಲ್ಲ. ಅವನ ಕಣಜದಲ್ಲಿದ್ದ ಇಲಿಯ ಆಸೆಯಿಂದ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಮೊದಲಾಗಿ ಜನ ಧಾನ್ಯವನ್ನು ಕೂಡಿಡತೊಡಗಿದಾಗ ಇಲಿಗಳು ಬಂದವು, ಅವುಗಳ ಹಿಂದೆಯೇ ಕಾಡುಬೆಕ್ಕೂ ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕಿನ ಅಸ್ಥಿಪಂಜರ ದೊರೆತ ಸಂಗತಿಯನ್ನು ವಿದ್ವಾಂಸರು 2004ರಲ್ಲಿ ಪ್ರಕಟಿಸಿದರು. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು ಎಂಬ ಆ ಹಳೆಯ ನ್ಯಾಯ ನಮ್ಮ ಯಶವಂತಪುರದ ಮಂಡಿಗಳಿಗೂ ಸಲ್ಲುತ್ತದೆ.

ಆ ಕಾಡುಬೆಕ್ಕು ಒಂಟಿಜೀವಿ. ತನ್ನ ಬೇಟೆಯ ನೆಲವನ್ನು ಅದು ವಾಸನೆಯಿಂದ ಗುರುತುಮಾಡಿಟ್ಟು, ಇನ್ನೊಂದು ಬೆಕ್ಕಿನ ಎದುರು ಬೀಳದಂತೆ ಓಡಾಡುತ್ತಿತ್ತು. ನಮ್ಮ ಮನೆಯ ಬೆಕ್ಕಿನಲ್ಲಿ ಈ ಸ್ವಭಾವ ತಕ್ಕಮಟ್ಟಿಗೆ ಸಡಿಲಗೊಂಡಿದೆಯೇ ಹೊರತು ಅಳಿದಿಲ್ಲ. ಆಹಾರ ಯಥೇಚ್ಛವಾಗಿರುವೆಡೆ ತಾಯಿ, ಮಗಳು, ಅಕ್ಕತಂಗಿಯರಾದ ಹೆಣ್ಣುಬೆಕ್ಕುಗಳು ಕೂಡಿ ಬಾಳುವುದುಂಟು. ಆದರೆ ಮನಸ್ತಾಪ ಬಂದಾಗ ರಾಜಿ ಮಾಡಿಕೊಳ್ಳುವ ವಿದ್ಯೆ ಬೆಕ್ಕಿಗೆ ಅಷ್ಟಾಗಿ ಸಿದ್ಧಿಸಿಲ್ಲ. ಅದಕ್ಕೆ ತಿಳಿದಿರುವ ಮುಖ್ಯ ಉಪಾಯ ಒಂದೇ: ಅಲ್ಲಿಂದ ಎದ್ದು ದೂರ ಹೋಗುವುದು.

ತೊಡಕು ಇರುವುದೂ ಇಲ್ಲಿಯೇ. ಹಿತ್ತಿಲು, ಕಾಂಪೌಂಡು, ಹೆಂಚಿನ ಮಾಡುಗಳಿದ್ದ ಹಳೆಯ ಯಲಹಂಕದ ಮನೆಯಲ್ಲಿ ಮುನಿದ ಬೆಕ್ಕಿಗೆ ಹೋಗಲು ನೂರು ದಾರಿಗಳಿದ್ದವು. ಪಕ್ಕದ ಮನೆಯ ಸೀಬೆಮರವೇ ಅದರ ಅಜ್ಞಾತವಾಸ. ಹೆಬ್ಬಾಳದ ಸುತ್ತ ಎದ್ದಿರುವ ಬಹುಮಹಡಿ ಕಟ್ಟಡಗಳಲ್ಲಿ, ಎರಡು ಕೋಣೆಯ ಮನೆಯೊಳಗೆ ನಾಲ್ಕು ಬೆಕ್ಕುಗಳಿದ್ದರೆ ಮುನಿದವು ಎಲ್ಲಿಗೆ ಹೋಗಬೇಕು? ಹೊರಗೆ ದಾರಿಯಿಲ್ಲ, ಒಳಗೆ ಮರೆಯಿಲ್ಲ. ಆಗ ಒಂದು ಹಾಸಿಗೆಯ ಮೇಲೆ ಮೂತ್ರ ಮಾಡುತ್ತದೆ, ಇನ್ನೊಂದು ಊಟ ಬಿಡುತ್ತದೆ, ಮತ್ತೊಂದು ಮೈಯ ಕೂದಲನ್ನು ನೆಕ್ಕಿ ನೆಕ್ಕಿ ಬೋಳು ಮಾಡಿಕೊಳ್ಳುತ್ತದೆ. ಮನೆಯವರು ಬೇಸತ್ತು, ಒಂದು ಸಂಜೆ ಅದನ್ನು ಗೋಣಿಚೀಲದಲ್ಲಿ ಹಾಕಿ ದೂರದ ಬಡಾವಣೆಯಲ್ಲಿ ಬಿಟ್ಟುಬರುತ್ತಾರೆ. ಮನೆಯೊಳಗೇ ಬೆಳೆದ ಬೆಕ್ಕು ಬೀದಿಯಲ್ಲಿ ಬದುಕುವುದು ಅಪರೂಪ. ಆದುದರಿಂದ ಹಾಸಿಗೆಯ ಮೇಲಿನ ಆ ಕಲೆಯ ಅರ್ಥವನ್ನು ತಿಳಿಯುವುದು ಬೆಕ್ಕಿನ ಪಾಲಿಗೆ ಪ್ರಾಣದ ಪ್ರಶ್ನೆ.

ಬೆಕ್ಕು ಹಟಕ್ಕಾಗಿ, ಸೇಡಿಗಾಗಿ ಮನೆಯನ್ನು ಹೊಲಸು ಮಾಡುತ್ತದೆಂಬ ನಂಬಿಕೆಯನ್ನು ಮೊದಲು ಬಿಡಬೇಕು. ಇಂಥ ನಡತೆ ಕಂಡಾಗ ಕೇಳಬೇಕಾದ ಪ್ರಥಮ ಪ್ರಶ್ನೆ, ಇದು ರೋಗವೇ ಎಂಬುದು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಕೃಷ್ಣದೇವರಾಯನು ಕೊಟ್ಟ ಬೆಕ್ಕಿಗೆ ಅವನು ಸುಡುಸುಡುವ ಹಾಲನ್ನಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲನ್ನು ಕಂಡೊಡನೆ ಓಟ ಕಿತ್ತಿತು. ನಗೆಯ ಕಥೆಯಾದರೂ ಇದರೊಳಗೆ ಬೆಕ್ಕಿನ ಮನಶ್ಶಾಸ್ತ್ರವೇ ಅಡಗಿದೆ. ಮೂತ್ರಕೋಶದಲ್ಲಿ ಉರಿಯೂತವಿದ್ದು, ಮರಳಿನ ಟ್ರೇಯಲ್ಲಿ ಕುಳಿತಾಗಲೆಲ್ಲ ನೋವಾದರೆ, ಬೆಕ್ಕು ದೂರುವುದು ರೋಗವನ್ನಲ್ಲ, ಟ್ರೇಯನ್ನು. ಅದು ಮೆತ್ತನೆಯ ಹಾಸಿಗೆಯನ್ನೋ ತಣ್ಣನೆಯ ಬಚ್ಚಲನ್ನೋ ಅರಸಿ ಹೋಗುತ್ತದೆ. ಅದನ್ನು ಹೊಡೆದರೆ, ಮೂತಿಯನ್ನು ನೆಲಕ್ಕೆ ಉಜ್ಜಿದರೆ, ಅದು ಕಲಿಯುವುದು ಹೊಡೆದವರ ಭಯವನ್ನೇ ಹೊರತು ಟ್ರೇಯ ಪಾಠವನ್ನಲ್ಲ. ಭಯ ಹೆಚ್ಚಿದಷ್ಟೂ ರೋಗವೂ ಹೆಚ್ಚುತ್ತದೆ.

ಗಂಡುಬೆಕ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದು ಮತ್ತೆ ಮತ್ತೆ ಟ್ರೇಗೆ ಹೋಗಿ, ಮುಕ್ಕಿ, ನರಳಿ, ಹನಿಯೂ ಮೂತ್ರವಿಲ್ಲದೆ ಬರುತ್ತಿದ್ದರೆ ಮೂತ್ರನಾಳ ಕಟ್ಟಿದೆಯೆಂದು ತಿಳಿಯಬೇಕು. ನೋಡುವವರು ಇದನ್ನು ಮಲಬದ್ಧತೆಯೆಂದು ಭಾವಿಸಿ ಹರಳೆಣ್ಣೆ ಕುಡಿಸುವುದುಂಟು, ಇದು ಅಪಾಯಕರ. ಒಂದೆರಡು ದಿನಗಳಲ್ಲಿ ವಿಷ ರಕ್ತಕ್ಕೇರಿ ಬೆಕ್ಕು ಸಾಯುತ್ತದೆ. ಬೆಳಗಾಗಲೆಂದು ಕಾಯದೆ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು.

ರೋಗವಿಲ್ಲವೆಂದು ವೈದ್ಯರು ಹೇಳಿದ ಮೇಲೆ ಮನೆಯ ಏರ್ಪಾಡನ್ನು ಪರೀಕ್ಷಿಸಬೇಕು. ಟ್ರೇಗಳ ಸಂಖ್ಯೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕೆಂಬುದು ಬಲ್ಲವರು ಒಪ್ಪಿದ ನಿಯಮ. ನಾಲ್ಕು ಬೆಕ್ಕಿಗೆ ಐದು ಟ್ರೇ. ಆದರೆ ಐದನ್ನೂ ಬಚ್ಚಲಿನಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಟ್ರೇ. ಬಲವಾದ ಬೆಕ್ಕೊಂದು ಬಚ್ಚಲಿನ ಬಾಗಿಲಲ್ಲಿ ಸುಮ್ಮನೆ ಮಲಗಿದರೆ ಸಾಕು, ಸಾಧುವಾದ ಬೆಕ್ಕಿಗೆ ಐದೂ ಇಲ್ಲವಾದಂತೆಯೇ. ಆದುದರಿಂದ ಒಂದೊಂದನ್ನು ಒಂದೊಂದು ಮೂಲೆಯಲ್ಲಿ, ಎರಡು ಕಡೆಯಿಂದ ತಪ್ಪಿಸಿಕೊಳ್ಳಲು ಹಾದಿಯಿರುವಂತೆ ಇಡಬೇಕು. ಸಣ್ಣ ಮರಳು, ಸುಗಂಧವಿಲ್ಲದ ಮರಳು ಬೆಕ್ಕಿಗೆ ಹಿತ. ಪ್ರತಿದಿನವೂ ಅದನ್ನು ಬಗೆದು ಶುದ್ಧಿಮಾಡಬೇಕು.

ಮೂತ್ರ ಮಾಡುವುದು ಬೇರೆ, ಚಿಮ್ಮಿಸುವುದು ಬೇರೆ. ನಿಂತೇ ಬಾಲವೆತ್ತಿ ನಡುಗಿಸುತ್ತ ಗೋಡೆಗೋ ಪರದೆಗೋ ಮೂತ್ರ ಚಿಮ್ಮಿಸಿದರೆ ಅದು ಗಡಿಯ ಗುರುತು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಗಂಡುಬೆಕ್ಕುಗಳಲ್ಲಿ ಈ ಅಭ್ಯಾಸ ನಿಲ್ಲುತ್ತದೆ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು. ಗರ್ಭದ ಅವಧಿ ಸುಮಾರು 9 ವಾರ ಮಾತ್ರ. ಮರಿಗಳಿಗೆ ಹಾಲೂಡುತ್ತಿರುವಾಗಲೇ ಅದು ಮತ್ತೆ ಗರ್ಭ ಧರಿಸಬಹುದು. ಎರಡು ಬೆಕ್ಕಿದ್ದ ಮನೆಯಲ್ಲಿ ವರ್ಷದೊಳಗೆ ಹತ್ತಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಐದು ತಿಂಗಳ ಸುಮಾರಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದೇ ಲೇಸು.

ಇನ್ನು ಜಗಳದ ಮಾತು. ಬೆಕ್ಕುಗಳ ಕಲಹವೆಲ್ಲವೂ ಚೀರಾಟವಲ್ಲ. ಎವೆಯಿಕ್ಕದೆ ದಿಟ್ಟಿಸುವುದು, ಬಾಗಿಲಿಗೆ ಅಡ್ಡ ಕೂರುವುದು, ಇನ್ನೊಂದು ಎದ್ದ ಜಾಗವನ್ನು ಕೂಡಲೇ ಆಕ್ರಮಿಸುವುದು, ಇವೆಲ್ಲ ಮೂಕ ಯುದ್ಧದ ಲಕ್ಷಣಗಳು. ಸೋತ ಬೆಕ್ಕು ಅಲಮಾರಿನ ಮೇಲೆ ದಿನವಿಡೀ ಕುಳಿತರೆ ನಾವು ಅದನ್ನು ಸೋಮಾರಿಯೆನ್ನುತ್ತೇವೆ. ಪರಿಹಾರವೆಂದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಊಟದ ಬಟ್ಟಲು, ಒಂದರ ಕಣ್ಣಿಗೆ ಇನ್ನೊಂದು ಬೀಳದ ಎಡೆ, ನೀರಿಗೆ ಎರಡು ಮೂರು ಸ್ಥಳ, ಮಲಗಲು ಎತ್ತರದ ಹಲಗೆ, ಅಡಗಲು ರಟ್ಟಿನ ಪೆಟ್ಟಿಗೆ. ನೆಲದ ವಿಸ್ತೀರ್ಣ ಹೆಚ್ಚಿಸಲು ನಮ್ಮಿಂದಾಗದು; ಆದರೆ ಗೋಡೆಗೆ ನಾಲ್ಕು ಹಲಗೆ ಹೊಡೆದರೆ ಬೆಕ್ಕಿನ ಪಾಲಿಗೆ ಮನೆ ದೊಡ್ಡದಾಗುತ್ತದೆ.

ಎರಡು ವರ್ಷ ಜೊತೆಗಿದ್ದ ಬೆಕ್ಕುಗಳು ಒಂದು ದಿನ ಇದ್ದಕ್ಕಿದ್ದಂತೆ ಕಾದಾಡುವುದಕ್ಕೂ ಕಾರಣವುಂಟು. ಹೆಬ್ಬಾಳದ ಪಶು ಆಸ್ಪತ್ರೆಗೆ ಹೋಗಿಬಂದ ಬೆಕ್ಕಿನ ಮೈಯಲ್ಲಿ ಔಷಧಿಯ ವಾಸನೆ, ಬೇರೆ ಪ್ರಾಣಿಗಳ ವಾಸನೆ ಹತ್ತಿರುತ್ತದೆ. ಬೆಕ್ಕು ತನ್ನವರನ್ನು ಗುರುತಿಸುವುದು ಕಣ್ಣಿಗಿಂತ ಮೂಗಿನಿಂದ. ಮನೆಯಲ್ಲಿದ್ದವುಗಳಿಗೆ ಅದು ಅಪರಿಚಿತನಾಗಿ ತೋರುತ್ತದೆ. ಅಂಥದನ್ನು ಒಂದು ದಿನ ಬೇರೆ ಕೋಣೆಯಲ್ಲಿರಿಸಿ, ಮನೆಯ ಬೆಕ್ಕುಗಳು ಮಲಗುವ ಬಟ್ಟೆಯನ್ನೇ ಅದಕ್ಕೂ ಹಾಸಿದರೆ ವಾಸನೆ ಒಂದಾಗುತ್ತದೆ. ಹೊಸ ಬೆಕ್ಕನ್ನು ತರುವಾಗಲೂ ಕ್ರಮ ಇದೇ: ಮೊದಲು ವಾಸನೆಯ ಪರಿಚಯ, ಬಳಿಕ ಮುಚ್ಚಿದ ಬಾಗಿಲ ಎರಡು ಬದಿಗಳಲ್ಲಿ ಊಟ, ಆಮೇಲೆ ಬಾಗಿಲ ಸಂದಿನಿಂದ ದರ್ಶನ, ಕಡೆಗೆ ಭೇಟಿ. ವಾರಗಳು ಹಿಡಿದರೂ ಅವಸರ ಕೂಡದು.

ಈ ಪ್ರತ್ಯೇಕವಾಸಕ್ಕೆ ಇನ್ನೂ ಮಹತ್ವದ ಪ್ರಯೋಜನವೊಂದಿದೆ. ಅದು ಸೋಂಕಿನಿಂದ ರಕ್ಷಣೆ. ಹೆಬ್ಬಾಳಕ್ಕೂ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿವಾರಣೆಗೂ ಹಳೆಯ ಸಂಬಂಧ. ದನಗಳ ದೊಡ್ಡರೋಗವನ್ನು ತಡೆಯುವ ಸೀರಂ ತಯಾರಿಸಲು ಮೈಸೂರು ಸರ್ಕಾರ 1925ರಲ್ಲಿ ಅಲ್ಲಿ ಸೀರಂ ಸಂಸ್ಥೆಯನ್ನು ತೆರೆಯಿತು. 1958ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. ಆ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಬೆಕ್ಕುಗಳ ಮಹಾಮಾರಿಯಾದ ಪ್ಯಾನ್‌ಲ್ಯೂಕೋಪೀನಿಯಾ ಮಾತ್ರ ಇನ್ನೂ ನಮ್ಮ ನಡುವೆ ಇದೆ. ವಾಂತಿ, ಭೇದಿ, ಜ್ವರ, ನೀರಿನ ಬಟ್ಟಲ ಮುಂದೆ ತಲೆ ತಗ್ಗಿಸಿ ಕುಳಿತರೂ ಕುಡಿಯಲಾರದ ಸ್ಥಿತಿ ಇದರ ಲಕ್ಷಣಗಳು; ಮರಿಗಳಲ್ಲಿ ಬಹುಪಾಲು ಸಾಯುತ್ತವೆ. ಇದರ ವೈರಸ್ಸು ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಜೀವಂತವಾಗಿರಬಲ್ಲದು. ನಮ್ಮ ಚಪ್ಪಲಿಯ ಮೂಲಕವೂ ಒಳಬರಬಲ್ಲದು. ಮರಿಗೆ 6ರಿಂದ 8 ವಾರಗಳಾದಾಗ ಲಸಿಕೆ ಆರಂಭಿಸಿ, 3–4 ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕಿಸಬೇಕು. ಬೀದಿಯಿಂದ ತಂದ ಬೆಕ್ಕನ್ನು ಎರಡು ವಾರವಾದರೂ ಬೇರೆ ಕೋಣೆಯಲ್ಲಿ, ಬೇರೆ ಟ್ರೇ, ಬೇರೆ ಬಟ್ಟಲುಗಳೊಡನೆ ಇರಿಸಿ ನೋಡಬೇಕು. ಸೀನು, ಕಣ್ಣಿನ ಪಿಸುರು ತರುವ ಹರ್ಪಿಸ್ ವೈರಸ್ಸು ಒಮ್ಮೆ ಹೊಕ್ಕರೆ ಮೈಯಲ್ಲಿ ಅಡಗಿದ್ದು, ಬೆಕ್ಕಿನ ನೆಮ್ಮದಿ ಕೆಟ್ಟಾಗ ಮತ್ತೆ ತಲೆಯೆತ್ತುತ್ತದೆ. ಹೀಗೆ ಜಗಳವೂ ರೋಗವೂ ಒಂದನ್ನೊಂದು ಬೆಳೆಸುತ್ತವೆ.

ಊಟದ ವಿಚಾರದಲ್ಲಿ ನಮ್ಮ ವಾತ್ಸಲ್ಯವೇ ಕೆಲವೊಮ್ಮೆ ಶತ್ರು. ಹಾಲನ್ನ, ಮೊಸರನ್ನದಿಂದ ಬೆಕ್ಕಿನ ಹೊಟ್ಟೆ ತುಂಬಬಹುದು, ದೇಹ ಉಳಿಯದು. ಟಾರಿನ್ ಎಂಬ ಸತ್ವವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನುಗಳಿಂದಲೇ ದೊರೆಯಬೇಕು. ಅದರ ಕೊರತೆಯಿಂದ ಕಣ್ಣು ಕುರುಡಾಗುವುದಲ್ಲದೆ ಹೃದಯದ ಸ್ನಾಯುವೂ ಸೋಲುವುದೆಂದು 1987ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿಕೊಟ್ಟರು. ಶಾಕಾಹಾರಿಗಳ ಮನೆಯಲ್ಲಿ ಬೆಕ್ಕು ಸಾಕುವುದಾದರೆ, ಟಾರಿನ್ ಬೆರೆಸಿ ತಯಾರಿಸಿದ ಬೆಕ್ಕಿನ ಆಹಾರವನ್ನು ತರುವುದು ಅನಿವಾರ್ಯ. ಎಲ್ಲಕ್ಕೂ ಒಂದೇ ತಟ್ಟೆಯಲ್ಲಿ ಸುರಿದರೆ ಯಾವುದು ತಿಂದಿತು, ಯಾವುದು ಬಿಟ್ಟಿತು ಎಂಬುದು ತಿಳಿಯುವುದೇ ಇಲ್ಲ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಊಟ ಬಿಟ್ಟದ್ದೇ ಮೊದಲ ಸುಳಿವು. ಕೊಬ್ಬಿದ ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಎರವಾಗುತ್ತದೆ. ಪ್ರತಿ ಬೆಕ್ಕಿಗೂ ಪುಸ್ತಕದಲ್ಲಿ ಒಂದು ಪುಟ ಮೀಸಲಿಟ್ಟು, ಲಸಿಕೆಯ ದಿನ, ತಿಂಗಳ ತೂಕಗಳನ್ನು ಬರೆದಿಡುವುದು ಉತ್ತಮ ಅಭ್ಯಾಸ.

ನೆಲ ಒರೆಸುವ ಫಿನಾಯಿಲ್ ಬೆಕ್ಕಿಗೆ ವಿಷ. ಮೂತ್ರದ ವಾಸನೆ ಹೋಗಲೆಂದು ಅದನ್ನು ಸುರಿಯುತ್ತೇವೆ. ಬೆಕ್ಕು ಅದರ ಮೇಲೆ ನಡೆದು ಪಾದ ನೆಕ್ಕಿಕೊಳ್ಳುತ್ತದೆ. ನುಸಿಗುಳಿಗೆಯೂ ಹಾಗೆಯೇ. ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್‌ನ ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ತಾಗಿಸಕೂಡದು. ಮನುಷ್ಯರ ಕ್ಷೇಮಕ್ಕಾಗಿ ರೇಬೀಸ್ ಲಸಿಕೆಯನ್ನು ತಪ್ಪಿಸಬಾರದು. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಟ್ರೇ ಶುದ್ಧಿಮಾಡುವ ಕೆಲಸವನ್ನು ಮನೆಯ ಇತರರಿಗೆ ಬಿಡುವುದು ಕ್ಷೇಮ.

ಕೊನೆಯದಾಗಿ ಒಂದು ಮಾತು. ಮಳೆಯಲ್ಲಿ ನೆನೆದು ಮೆಟ್ಟಿಲಡಿಯಲ್ಲಿ ಕೂಗುವ ಮರಿಯನ್ನು ಕಂಡು ಕರುಳು ಕರಗದವರಾರು? ಆದರೆ ಐದನೆಯ ಮರಿಯನ್ನು ಒಳಗೆ ತರುವ ಮುನ್ನ ಆರನೆಯ ಟ್ರೇಗೆ ಸ್ಥಳವಿದೆಯೇ, ಎರಡು ವಾರ ಮುಚ್ಚಿಡಲು ಒಂದು ಕೋಣೆಯಿದೆಯೇ, ಇರುವ ನಾಲ್ಕರಲ್ಲಿ ಯಾವುದಾದರೂ ಈಗಾಗಲೇ ಅಲಮಾರಿನ ಮೇಲೇ ಬಾಳುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲವೆಂದಾದರೆ ಆ ಮರಿಗೆ ಬೇರೊಂದು ಒಳ್ಳೆಯ ಮನೆಯನ್ನು ಹುಡುಕಿಕೊಡುವುದೂ ಕರುಣೆಯೇ. ಎಷ್ಟು ಬಿಡಾರಗಳನ್ನು ಕಟ್ಟಿಕೊಡಬಲ್ಲೆವೋ ಅಷ್ಟೇ ಬೆಕ್ಕುಗಳನ್ನು ಸಾಕುವುದು ಅವುಗಳಿಗೂ ಹಿತ, ನಮಗೂ ಹಿತ.