ಉಪ ಗುತ್ತಿಗೆದಾರರು ಸಿದ್ಧಪಡಿಸಬೇಕಾದ ಸುರಕ್ಷತಾ ದಾಖಲೆಗಳು

ಪೀಠಿಕೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮೆಟ್ರೋ ಮಾರ್ಗವು 2021ರಲ್ಲಿ ಕೆಂಗೇರಿಯವರೆಗೆ ಹಾಗೂ 2023ರಲ್ಲಿ ಚಲ್ಲಘಟ್ಟದವರೆಗೆ ವಿಸ್ತರಣೆಗೊಂಡಿತು. ಮಾಗಡಿ ರಸ್ತೆಯ ಹೊಸಹಳ್ಳಿ–ಕಡಬಗೆರೆ ಮಾರ್ಗವನ್ನು ಒಳಗೊಂಡ ಮೂರನೇ ಹಂತಕ್ಕೆ ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟ್ 16ರಂದು ಅನುಮೋದನೆ ನೀಡಿದೆ. ಇಂತಹ ಬೃಹತ್ ಕಾಮಗಾರಿಗಳಲ್ಲಿ ಕಂಬಿ ಕಟ್ಟುವುದು, ಸೆಂಟ್ರಿಂಗ್, ಮಣ್ಣು ಅಗೆತ, ವೆಲ್ಡಿಂಗ್ ಮುಂತಾದ ಕೆಲಸಗಳನ್ನು ಮುಖ್ಯ ಗುತ್ತಿಗೆದಾರರು ಉಪ ಗುತ್ತಿಗೆಗೆ ವಹಿಸುವುದು ವಾಡಿಕೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಪ್ರದೇಶಗಳ ಸಣ್ಣ ಗುತ್ತಿಗೆದಾರರ ಅನುಕೂಲಕ್ಕಾಗಿ ಅಗತ್ಯ ದಾಖಲೆಗಳ ವಿವರವನ್ನು ಇಲ್ಲಿ ನೀಡಲಾಗಿದೆ.

ದಾಖಲೆಗಳ ಉದ್ದೇಶ

2023ರ ಜನವರಿ 10ರಂದು ನಾಗವಾರ ಸಮೀಪದ ಹೊರ ವರ್ತುಲ ರಸ್ತೆಯಲ್ಲಿ ಮೆಟ್ರೋ ಕಂಬದ ಕಬ್ಬಿಣದ ಹಂದರವು ಉರುಳಿಬಿದ್ದು, ದ್ವಿಚಕ್ರ ವಾಹನದಲ್ಲಿ ಸಾಗುತ್ತಿದ್ದ ತಾಯಿ ಮತ್ತು ಎಳೆಯ ಮಗು ಮೃತಪಟ್ಟರು. ಕಾಮಗಾರಿಯ ಅಪಾಯವು ಬೇಲಿಯ ಒಳಗಿರುವ ಕಾರ್ಮಿಕರಿಗಷ್ಟೇ ಸೀಮಿತವಲ್ಲ. ಯಾವ ಕೆಲಸವನ್ನು ಯಾರು, ಯಾವ ಆಧಾರದೊಂದಿಗೆ ಮಾಡಬೇಕು ಎಂಬುದನ್ನು ಕೆಲಸಕ್ಕೆ ಮುನ್ನವೇ ನಿರ್ಧರಿಸುವುದು ದಾಖಲೆಗಳ ಉದ್ದೇಶವಾಗಿದೆ.

ಅನ್ವಯವಾಗುವ ಕಾನೂನು

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ದಿನಾಂಕ 21.11.2025ರಿಂದ ಜಾರಿಗೆ ಬಂದಿದೆ. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆ ಹಾಗೂ ಕಟ್ಟಡ ಕಾರ್ಮಿಕರ 1996ರ ಕಾಯ್ದೆಗಳ ಸ್ಥಾನದಲ್ಲಿ ಸದರಿ ಸಂಹಿತೆಯು ಅನ್ವಯಿಸುತ್ತದೆ. ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದ ಉಪಬಂಧಗಳು 50 ಅಥವಾ ಹೆಚ್ಚು ಕಾರ್ಮಿಕರನ್ನು ನಿಯೋಜಿಸುವ ಗುತ್ತಿಗೆದಾರರಿಗೆ ಅನ್ವಯಿಸುತ್ತವೆ. ಹಿಂದಿನ ಕೇಂದ್ರ ಕಾಯ್ದೆಯಲ್ಲಿ ಈ ಮಿತಿ 20 ಆಗಿತ್ತು. ಆದರೆ ಪರವಾನಗಿಯಿಂದ ದೊರೆಯುವ ವಿನಾಯಿತಿಯು ಸುರಕ್ಷತೆಯ ಹೊಣೆಯಿಂದ ದೊರೆತ ವಿನಾಯಿತಿಯಲ್ಲ. ನಿರ್ಮಾಣ ಕಾಮಗಾರಿಯಲ್ಲಿ 250 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಸುರಕ್ಷತಾ ಅಧಿಕಾರಿಯ ನೇಮಕ ಕಡ್ಡಾಯ.

ಸಿದ್ಧಪಡಿಸಬೇಕಾದ ದಾಖಲೆಗಳು

1. ಕಾರ್ಮಿಕರ ಪಟ್ಟಿ: ಹೆಸರು, ವಯಸ್ಸಿನ ಪುರಾವೆ, ಕೆಲಸದ ಸ್ವರೂಪ, ಸೇರಿದ ದಿನಾಂಕ, ಇಎಸ್‌ಐ ಮತ್ತು ಭವಿಷ್ಯನಿಧಿ ಸಂಖ್ಯೆ, ಮನೆಯವರ ದೂರವಾಣಿ ಸಂಖ್ಯೆ. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ನೀಡತಕ್ಕದ್ದು.

2. ಕಾರ್ಯವಿಧಾನದ ವಿವರ: ಕೆಲಸದ ಪ್ರತಿಯೊಂದು ಹಂತ, ಅದರ ಅಪಾಯ, ತಡೆಯುವ ಕ್ರಮ ಮತ್ತು ಹೊಣೆಗಾರರ ಹೆಸರು. ಉದಾಹರಣೆಗೆ, ಕಂಬದ ಹಂದರ ನಿಲ್ಲಿಸುವಾಗ ಎಷ್ಟು ಎತ್ತರದಲ್ಲಿ, ಯಾವ ದಿಕ್ಕುಗಳಲ್ಲಿ ಆಧಾರ ನೀಡಬೇಕು, ಆಧಾರ ತೆಗೆಯಲು ಯಾರ ಒಪ್ಪಿಗೆ ಬೇಕು, ಪಕ್ಕದ ರಸ್ತೆಯ ಸಂಚಾರಕ್ಕೆ ಏನು ವ್ಯವಸ್ಥೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.

3. ಯಂತ್ರಗಳು: ಕ್ರೇನ್, ಸರಪಳಿ, ಹಗ್ಗಗಳ ಪರೀಕ್ಷಾ ಪ್ರಮಾಣಪತ್ರ ಹಾಗೂ ಚಾಲಕರ ಪರವಾನಗಿ.

4. ತರಬೇತಿ ವಹಿ: ದಿನಾಂಕ, ವಿಷಯ ಮತ್ತು ಕಾರ್ಮಿಕರ ಸಹಿ. ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ತರಬೇತಿ ನೀಡತಕ್ಕದ್ದು.

5. ರಕ್ಷಣಾ ಸಾಧನಗಳ ವಿತರಣಾ ವಹಿ: ಹೆಲ್ಮೆಟ್‌ಗೆ ಐಎಸ್ 2925, ಸುರಕ್ಷತಾ ಬೆಲ್ಟ್‌ಗೆ ಐಎಸ್ 3521 ಭಾರತೀಯ ಮಾನಕಗಳಾಗಿವೆ.

6. ತುರ್ತು ವ್ಯವಸ್ಥೆ: ಪ್ರಥಮ ಚಿಕಿತ್ಸೆ ಬಲ್ಲವರ ಹೆಸರು, ವಾಹನ ಮತ್ತು ಸಮೀಪದ ಆಸ್ಪತ್ರೆ. ವಿಮೆಗೊಳಪಟ್ಟ ಕಾರ್ಮಿಕರಿಗೆ ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆ ಇದೆ.

ಗಮನಿಸಬೇಕಾದ ಅಂಶಗಳು

ಬೇರೊಂದು ಕಾಮಗಾರಿಯ ದಾಖಲೆಗಳನ್ನು ಹೆಸರು ಬದಲಿಸಿ ಸಲ್ಲಿಸಬಾರದು. ಹೊಸ ಕಾರ್ಮಿಕರು ಸೇರಿದಾಗ ಅಥವಾ ಯಂತ್ರ ಬದಲಾದಾಗ ಅದೇ ದಿನ ದಾಖಲೆಯನ್ನು ತಿದ್ದತಕ್ಕದ್ದು. ರಾತ್ರಿ ಪಾಳಿಗೆ ತುರ್ತಾಗಿ ಕರೆತಂದವರ ಹೆಸರೂ ಪಟ್ಟಿಯಲ್ಲಿರತಕ್ಕದ್ದು. ಅಪಘಾತ ಸಂಭವಿಸಿದಲ್ಲಿ, ಪಟ್ಟಿಯಲ್ಲಿಲ್ಲದ ಕಾರ್ಮಿಕನು ಅಲ್ಲಿ ದುಡಿಯುತ್ತಿದ್ದನೆಂದು ರುಜುವಾತುಪಡಿಸುವ ಹೊರೆ ಆತನ ಕುಟುಂಬದ ಮೇಲೆ ಬೀಳುತ್ತದೆ.

ಕಾರ್ಮಿಕರಿಗೆ ಆಗುವ ಪ್ರಯೋಜನ

ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಲು 18ರಿಂದ 60 ವರ್ಷದೊಳಗಿನ ಕಾರ್ಮಿಕರು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು. ಸರಿಯಾಗಿ ನಿರ್ವಹಿಸಿದ ಹಾಜರಾತಿ ವಹಿಯು ಇದಕ್ಕೆ ಆಧಾರವಾಗುತ್ತದೆ. ಆದ್ದರಿಂದ ಕಾಮಗಾರಿ ಮುಗಿದ ನಂತರವೂ ಗುತ್ತಿಗೆದಾರರು ವಹಿಗಳನ್ನು ಜೋಪಾನವಾಗಿರಿಸಿ, ಕೆಲಸದ ಪ್ರಮಾಣಪತ್ರ ಕೋರುವ ಕಾರ್ಮಿಕರಿಗೆ ವಿಳಂಬವಿಲ್ಲದೆ ನೀಡುವುದು ಸೂಕ್ತ.